ಎಡಕ್ಕೆ ಸರಿದ ಸೂರ್ಯ

ಫೆಬ್ರವರಿ 11, 2024, ಭಾನುವಾರ

ಬರೆಯಿರಿ ಎಂದು ಕೇಟ್ಲಿನ್ ಹೇಳಿ ಹೋಗಿದ್ದಾಳೆ. ವರ್ನನ್‌ಗೆ ಮತ್ತೆ ಮಾತು ಕಲಿಸಲು ಮಂಗಳವಾರ, ಗುರುವಾರ ಮನೆಗೆ ಬರುವ ಹುಡುಗಿ ಅವಳು. ರೋಗಿಯನ್ನು ನೋಡಿಕೊಳ್ಳುವವರು ಒಳಗಿರುವುದನ್ನು ಎಲ್ಲಾದರೂ ಸುರಿಯಬೇಕಂತೆ, ಇಲ್ಲದಿದ್ದರೆ ಅವರೂ ಹಾಸಿಗೆ ಹಿಡಿಯುತ್ತಾರಂತೆ. ಸರಿ, ಸುರಿಯುತ್ತೇನೆ.

ಹೊಸ ವರ್ಷ ಹುಟ್ಟಿದ ವಾರದಲ್ಲೇ ನನ್ನ ಗಂಡನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು, ಒಂದೇ ಒಂದು ಪದ ಉಳಿಯಿತು. ಆ ಪದ ‘ಬೇಡ’. ನೀರು ಕೇಳಬೇಕಾದರೂ ಬೇಡ, ಕಾಲು ನೋಯುತ್ತಿದ್ದರೂ ಬೇಡ, ಟಿವಿ ಹಾಕಬೇಕಾದರೂ ಬೇಡ.

“ಆ ಪದಕ್ಕೆ ಈಗ ಅದರ ಅರ್ಥ ಇಲ್ಲ ಮಿಸೆಸ್ ಬೆಕರ್,” ಎಂದು ಕೇಟ್ಲಿನ್ ವಿವರಿಸಿದಳು. “ಏನು ಹೇಳೋಕೆ ಹೋದ್ರೂ ಬಾಯಿಗೆ ಅದೊಂದೇ ಬರುತ್ತೆ. ಮುಖ ನೋಡಿ ಅರ್ಥ ಮಾಡ್ಕೋಬೇಕು.”

ಮದುವೆಯಾದಾಗಿನಿಂದ ಆ ಮುಖದಿಂದ ಆ ಪದವನ್ನೇ ಕೇಳಿಕೊಂಡು ಬಂದಿದ್ದೇನೆ. ನನಗೆ ಯಾರೂ ಅರ್ಥ ಹೇಳಿಕೊಡಬೇಕಾಗಿಲ್ಲ.

ಇವತ್ತು ಚರ್ಚ್ ಮುಗಿದ ಮೇಲೆ ಆರ್ಲೊ ಬಂದಿದ್ದ. ನಕ್ಷತ್ರ ನೋಡುವವರ ಸಂಘದಲ್ಲಿ ವರ್ನನ್‌ನ ಬಲಗೈ ಬಂಟ. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು, ಸತ್ತವರ ಮನೆಯಲ್ಲಿ ಕೂರುವ ಹಾಗೆ ಕೂತ. ಏಪ್ರಿಲ್ ಎಂಟಕ್ಕೆ ಖಗ್ರಾಸ ಗ್ರಹಣದ ನೆರಳು ನೇರ ನಮ್ಮ ಊರಿನ ಮೇಲೆಯೇ ಹಾದು ಹೋಗುತ್ತದೆ. ಲೈಬ್ರರಿಯ ಹುಲ್ಲುಹಾಸಿನಲ್ಲಿ ತನ್ನ ದುರ್ಬೀನು ಇಟ್ಟು ಊರಿಗೆಲ್ಲ ತೋರಿಸುತ್ತೇನೆಂದು ವರ್ನನ್ ಹೋದ ವರ್ಷವೇ ಮಾತು ಕೊಟ್ಟಿದ್ದ.

“ಅದಕ್ಕೇ ಬಂದೆ ನೋಡಮ್ಮ,” ಎಂದ ಆರ್ಲೊ. “ದುರ್ಬೀನು, ಅದರ ಮೌಂಟು, ಎರಡನ್ನೂ ಇವತ್ತೇ ಗಾಡಿಗೆ ಹಾಕ್ಕೊಂಡು ಹೋಗ್ತೀನಿ. ಗ್ಯಾರೇಜಿನಲ್ಲಿ ಸುಮ್ನೆ ಧೂಳು ತಿಂತಾ ಬಿದ್ದಿದೆ.”

“ಬೇಡ,” ಎಂದ ವರ್ನನ್.

ಆರ್ಲೊ ನನ್ನ ಕಡೆ ತಿರುಗಿದ. “ಹಾಗಂದ್ರೆ ಹ್ಞೂಂ ಅಂತಾನಾ, ಉಹೂಂ ಅಂತಾನಾ?”

“ಬೇಡ ಅಂದ್ರೆ ಬೇಡ,” ಎಂದೆ. “ಲೈಬ್ರರಿಗೆ ನಾನೇ ತರ್ತೀನಿ.”

ಅವನು ನಕ್ಕ. ಕೆಟ್ಟ ನಗುವಲ್ಲ, ಅದಕ್ಕೇ ಹೆಚ್ಚು ಚುಚ್ಚಿತು. “ರೊಸೆಲಾ, ಅದು ಕಂಪ್ಯೂಟರ್ ಇರೋ ಯಂತ್ರ. ಗ್ರಹ ಎಲ್ಲಿದೆ ಅಂತ ತಾನೇ ಲೆಕ್ಕ ಹಾಕಿ ತಿರುಗುತ್ತೆ. ಸ್ವಲ್ಪ ತಪ್ಪಿದ್ರೆ ನೋಡಿದವರ ಕಣ್ಣು ಹೋಗುತ್ತೆ. ಬಸ್ಸು ಓಡಿಸಿದ ಹಾಗಲ್ಲ.”

ಈ ಊರಿನ ಅರ್ಧ ಜನರನ್ನು ಹಿಮದಲ್ಲಿ, ಮಂಜಿನಲ್ಲಿ, ಒಂದು ಗೀರೂ ಬೀಳದಂತೆ ಶಾಲೆಗೆ ಮುಟ್ಟಿಸಿದವಳು ನಾನು. ಆರ್ಲೊನ ಮಕ್ಕಳೂ ಅದರಲ್ಲಿದ್ದರು. ಕಾಫಿ ಕೊಡದೆ ಕಳಿಸಿದೆ.

ಫೆಬ್ರವರಿ 15, ಗುರುವಾರ

ಗ್ಯಾರೇಜಿನ ಬೀರುವನ್ನು ಮೊದಲ ಸಲ ನನ್ನ ಕೈಯಿಂದ ತೆರೆದೆ. ಒಳಗೆ ಎಲ್ಲವೂ ಫೋಮಿನ ಗೂಡಿನಲ್ಲಿ, ಹಸುಗೂಸುಗಳ ಹಾಗೆ. ನಮ್ಮ ಗ್ವೆನ್ ಹುಟ್ಟಿದಾಗ ಅವಳಿಗೂ ಇಷ್ಟು ಮೆತ್ತಗಿನ ಜಾಗ ಸಿಕ್ಕಿರಲಿಲ್ಲ.

ಮುಕ್ಕಾಲಿಯೇ ಒಂದು ಹೊರೆ. ಅದರ ಮೇಲೆ ಮೌಂಟು, ಅಂದರೆ ದುರ್ಬೀನನ್ನು ಹೆಗಲ ಮೇಲೆ ಹೊತ್ತು ತಿರುಗಿಸುವ ಮೋಟಾರುಗಳ ತೋಳು. ಅದಕ್ಕೊಂದು ಬ್ಯಾಟರಿ, ಉದ್ದನೆ ಕೇಬಲ್ಲಿನ ತುದಿಯಲ್ಲೊಂದು ರಿಮೋಟು. ಹಿತ್ತಲಿಗೆ ಒಂದೊಂದಾಗಿ ಎಳೆದು ತಂದೆ. ವರ್ನನ್ ವರಾಂಡದಲ್ಲಿ ಗಾಲಿಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತು ಪ್ರತಿ ತುಂಡಿಗೂ ಬೇಡ, ಬೇಡ ಎನ್ನುತ್ತಿದ್ದ.

ರಿಮೋಟು ಊರಿನ ಹೆಸರು ಕೇಳಿತು, ಹಾಕಿದೆ. ತಾರೀಕು ಕೇಳಿತು, ಹಾಕಿದೆ. ಆಮೇಲೆ ಏನು ನೋಡಬೇಕೆಂದು ಕೇಳಿ ಪಟ್ಟಿ ಕೊಟ್ಟಿತು. ಚಂದ್ರ ಇದ್ದಾನೆ, ಗುರು ಇದ್ದಾನೆ, ಶನಿ ಇದ್ದಾನೆ, ಕೇಳರಿಯದ ನಕ್ಷತ್ರಗಳೆಲ್ಲ ಇವೆ. ಸೂರ್ಯ ಇಲ್ಲ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದೆ. ತಲೆ ಎತ್ತಿದರೆ ಎದುರಿಗೇ ಉರಿಯುತ್ತಿದ್ದಾನೆ, ಯಂತ್ರದೊಳಗೆ ಮಾತ್ರ ಇಲ್ಲ.

“ಅಳಿಸಿ ಹಾಕಿದೀಯಾ?” ಎಂದು ಕೇಳಿದೆ. “ನಾನು ಮುಟ್ಟಬಾರದು ಅಂತ ಮೊದಲೇ ಅಳಿಸಿಟ್ಟಿದೀಯಾ?”

“ಬೇಡ.”

ಎಲ್ಲವನ್ನೂ ಮತ್ತೆ ಒಳಗೆ ಹೊತ್ತು ಹಾಕಿದೆ. ಸೊಂಟ ಹಿಡಿದುಕೊಂಡಿದೆ.

ಫೆಬ್ರವರಿ 16, ಶುಕ್ರವಾರ

ಸಿಕ್ಕಿತು. ಯಂತ್ರ ಮಾಡಿದವರೇ ಸೂರ್ಯನನ್ನು ಬಚ್ಚಿಟ್ಟಿರುತ್ತಾರಂತೆ. ಫಿಲ್ಟರ್ ಹಾಕದೆ ಯಾರಾದರೂ ಅವಿವೇಕಿ ಗುಂಡಿ ಒತ್ತಿ ಕಣ್ಣು ಕಳಕೊಳ್ಳದಿರಲಿ ಎಂದು. ರಿಮೋಟಿನ ಪಟ್ಟಿಯ ಬೇರೊಂದು ಮೂಲೆಗೆ ಹೋಗಿ ‘ಸೂರ್ಯನಿಗೆ ಅನುಮತಿ ಇದೆ’ ಎಂದು ನಾವೇ ಒಪ್ಪಿಗೆ ಕೊಡಬೇಕು. ಕೊಟ್ಟೆ.

ವರ್ನನ್ ಅಳಿಸಿರಲಿಲ್ಲ. ಅವನಿಗೆ ಹೇಳಲು ಹೋಗಲಿಲ್ಲ.

ಫೆಬ್ರವರಿ 25, ಭಾನುವಾರ

ಚಳಿ, ಆದರೆ ಸೋಯಾ ಹೊಲದ ಮೇಲೆಲ್ಲ ನಿಚ್ಚಳ ಬಿಸಿಲು. ಚರ್ಚಿಗೆ ಹೋಗಲಿಲ್ಲ.

ದುರ್ಬೀನಿನ ಬಾಯಿಗೆ ಹಾಕುವ ಫಿಲ್ಟರ್ ಕನ್ನಡಿಯಂತೆ ಹೊಳೆಯುವ ಒಂದು ತೆಳು ಹಾಳೆ. ಸೂಜಿಮೊನೆಯಷ್ಟು ತೂತಿದ್ದರೂ ಎಸೆಯಬೇಕು. ದೀಪಕ್ಕೆ ಹಿಡಿದು ಅಂಗುಲ ಅಂಗುಲ ನೋಡಿದೆ. ಗಾಳಿಗೆ ಹಾರಬಾರದೆಂದು ಗೋಡೆಗೆ ಬಣ್ಣ ಬಳಿಯುವವರ ನೀಲಿ ಟೇಪಿನಿಂದ ಸುತ್ತಲೂ ಕಟ್ಟಿದೆ. ರಸಮಟ್ಟದ ಗುಳ್ಳೆ ನಡುವೆ ಬರುವ ತನಕ ಮುಕ್ಕಾಲಿಯ ಕಾಲುಗಳನ್ನು ಹಿಗ್ಗಿಸಿ ಕುಗ್ಗಿಸಿದೆ. ದುರ್ಬೀನನ್ನು ಉತ್ತರಕ್ಕೆ ತಿರುಗಿಸಿ, ಸೂರ್ಯ ಎಂದು ಆರಿಸಿ, ಗುಂಡಿ ಒತ್ತಿದೆ. ಮೋಟಾರು ಗೊಣಗುತ್ತ ತಾನಾಗಿ ದಕ್ಷಿಣಕ್ಕೆ ತಿರುಗತೊಡಗಿತು.

ವರಾಂಡದಿಂದ ವರ್ನನ್ ಕೂಗಿದ. ಬೇಡ, ಬೇಡ, ಬೇಡ. ಕುರ್ಚಿಯ ಕೈಗೆ ಎಡಗೈಯಿಂದ ಗುದ್ದತೊಡಗಿದ. ನಾನು ತಿರುಗಿ ನೋಡಲಿಲ್ಲ. ಕೂಗಿಕೊಳ್ಳಲಿ, ಮೂವತ್ತು ಮಕ್ಕಳ ಗಲಾಟೆಯಲ್ಲಿ ಬಸ್ಸು ಓಡಿಸಿದ್ದೇನೆ ಎಂದುಕೊಂಡು ಬಗ್ಗಿ ನಿಂತೆ. ಆಗ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ನೋಡಿದರೆ ನನ್ನ ಕೋಟಿನ ತೋಳಿನಿಂದ ಹೊಗೆ ಏಳುತ್ತಿತ್ತು.

ದೊಡ್ಡ ದುರ್ಬೀನಿನ ಬೆನ್ನ ಮೇಲೆ, ಗುರಿ ಹಿಡಿಯಲೆಂದು ಒಂದು ಪುಟ್ಟ ದುರ್ಬೀನು ಇರುತ್ತದೆ. ದೊಡ್ಡದಕ್ಕೆ ಫಿಲ್ಟರ್ ಹಾಕಿದ್ದೆ, ಚಿಕ್ಕದಕ್ಕೆ ಮುಚ್ಚಳ ಹಾಕಿರಲಿಲ್ಲ. ಅದರಿಂದ ಹೊರಬಿದ್ದ ಬಿಸಿಲು ನನ್ನ ತೋಳನ್ನು ತೂತು ಮಾಡಿತ್ತು. ಇನ್ನೊಂದು ಗೇಣು ಈಚೆಗೆ ಬಗ್ಗಿದ್ದರೆ ಅಲ್ಲಿ ನನ್ನ ಕಣ್ಣಿರುತ್ತಿತ್ತು.

ಆ ಚಿಕ್ಕದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಅದಿಲ್ಲದೆ ಗುರಿ ಹಿಡಿಯುವುದು ಕಷ್ಟವಲ್ಲ. ನೆಲದ ಮೇಲೆ ದುರ್ಬೀನಿನ ನೆರಳು ಆದಷ್ಟು ಸಣ್ಣಗಾಗಿ ದುಂಡಗಾದರೆ ಅದು ಸೂರ್ಯನಿಗೆ ನೇರ ಮುಖ ಮಾಡಿದೆ ಎಂದರ್ಥ. ಮಾಡಿದೆ. ಕಣ್ಣಿಟ್ಟೆ.

ಕಿತ್ತಳೆ ಬಣ್ಣದ ದುಂಡು ಬಿಲ್ಲೆ, ಅದರ ಮೇಲೆ ಮೆಣಸಿನ ಕಾಳು ಎರಚಿದಂತೆ ಕಪ್ಪು ಕಲೆಗಳು. ಅಷ್ಟೇ. ಇಷ್ಟಕ್ಕೆ ಇವನು ಜೀವಮಾನವೆಲ್ಲ ಬೀರುವಿಗೆ ಬೀಗ ಹಾಕಿಟ್ಟಿದ್ದ.

ಸಂಜೆ ಅವನಿಗೆ ಸೂಪು ಕುಡಿಸುವಾಗ ಹೇಳಿದೆ: “ಸ್ವಲ್ಪ ಬಿಡಿಸಿ ಹೇಳ್ಬೇಕಿತ್ತು.” ಅವನು ನನ್ನ ಕೋಟಿನ ತೋಳನ್ನೇ ನೋಡುತ್ತಿದ್ದ.

ಮಾರ್ಚ್ 10, ಭಾನುವಾರ

ನಡುವೆ ಬಿಸಿಲಿದ್ದ ದಿನಗಳಲ್ಲೆಲ್ಲ ಹೊರಗಿಟ್ಟೆ. ಬರೆಯುವಂಥದ್ದೇನೂ ಇರಲಿಲ್ಲ.

ಇವತ್ತು ಮೌಂಟಿಗೆ ಹುಚ್ಚು ಹಿಡಿಯಿತು. ಎಲ್ಲ ಸರಿಯಾಗಿ ಹಾಕಿದ್ದೇನೆ, ಸೂರ್ಯನಿಗೆ ಹೋಗೆಂದರೆ ಪಕ್ಕದ ಮನೆಯವರ ಚಿಮಣಿಗೆ ಹೋಗಿ ನಿಂತಿದೆ. ಮೂರು ಸಲ ಆರಿಸಿ ಹಚ್ಚಿದೆ, ಮೂರು ಸಲವೂ ಚಿಮಣಿ. ಅಳು ಬಂತು. ವರ್ನನ್ ಎದುರಿಗೆ ಅಳಬಾರದೆಂದು ಗ್ಯಾರೇಜಿಗೆ ಹೋದೆ.

ವಾಪಸು ಬಂದಾಗ ಅವನು ಎಡಗೈಯ ಬೆರಳಿನಿಂದ ಕಿಟಕಿಯೊಳಗಿನ ಗೋಡೆಗಡಿಯಾರವನ್ನು ತೋರಿಸುತ್ತಿದ್ದ. “ಬೇಡ,” ಎಂದ, ಬಹಳ ನಿಧಾನವಾಗಿ, ಪಾಠ ಹೇಳುವವನ ಹಾಗೆ.

ನಿನ್ನೆ ರಾತ್ರಿ, ಪ್ರತಿ ವರ್ಷದಂತೆ, ಬೇಸಿಗೆಯ ಲೆಕ್ಕಕ್ಕೆ ದೇಶವೆಲ್ಲ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದೆ. ನಾನು ಹೊಸ ಗಂಟೆಯನ್ನೇ ಹಾಕಿದ್ದೆ. ಆದರೆ ಬೇಸಿಗೆಯ ಗಂಟೆಯೋ ಎಂದು ಯಂತ್ರ ಕೇಳಿದಾಗ ರೂಢಿಯ ಮೇಲೆ ಅಲ್ಲ ಎಂದಿದ್ದೆ. ಹೌದು ಎಂದು ತಿದ್ದಿದೆ. ಚಿಮಣಿ ಬಿಟ್ಟು ಸೂರ್ಯನಿಗೆ ಬಂತು.

“ನನಗೇ ಗೊತ್ತಾಗ್ತಿತ್ತು,” ಎಂದೆ ಅವನಿಗೆ.

ಮಾರ್ಚ್ 12, ಮಂಗಳವಾರ

ಭಾನುವಾರ ಎಡ ಅಂಚಿನಲ್ಲಿದ್ದ ಕಲೆ ಒಳಕ್ಕೆ ಸರಿದಿದೆ. ಸೂರ್ಯನೂ ತಿರುಗುತ್ತಾನೆ. ಪೆನ್ಸಿಲ್ಲಿನಲ್ಲಿ ಬರೆದಿಟ್ಟುಕೊಂಡೆ. ಕೇಟ್ಲಿನ್ ಬಂದು ಬಾಗಿಲು ತಟ್ಟಿದ್ದು ಕೇಳಿಸಲೇ ಇಲ್ಲ.

ಮಾರ್ಚ್ 21, ಗುರುವಾರ

ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಹೊತ್ತು ಕೂತಿದ್ದೆ.

ಮಧ್ಯಾಹ್ನ ಲೈಬ್ರರಿಯಲ್ಲಿ ಜಾಗ ನೋಡಿಕೊಂಡು ಬರಲು ಹೋಗಿದ್ದೆ. ಲೈಬ್ರರಿ ನೋಡಿಕೊಳ್ಳುವ ಡೆನಿಸ್, ಆರ್ಲೊ, ನಾನು ಹುಲ್ಲಿನ ಮೇಲೆ ನಿಂತಿದ್ದೆವು. ನಾನು ಮುಕ್ಕಾಲಿ ಎಲ್ಲಿ, ಸಾಲು ಯಾವ ಕಡೆಯಿಂದ, ಹಗ್ಗ ಎಲ್ಲಿ ಎಂದೆಲ್ಲ ಹೇಳಿದ ಮೇಲೆ ಆರ್ಲೊ ಸ್ವಲ್ಪ ಮೆತ್ತಗಾಗಿದ್ದ. ಒಳ್ಳೆ ಮಾತಾಡಬೇಕೆಂದು ಅವನಿಗೆ ಅನಿಸಿರಬೇಕು.

“ಖಗ್ರಾಸ ಅನ್ನೋದು ಬೇರೇನೇ ರೊಸೆಲಾ,” ಎಂದ. “ಕೆಂಟಕಿಯಲ್ಲಿ ನಾವಿಬ್ರೂ ಮಕ್ಕಳ ಹಾಗೆ ಅತ್ತುಬಿಟ್ವಿ. ನೀನು ಬರಬೇಕಿತ್ತು ಆವತ್ತು.”

“ಗಾಡಿಯಲ್ಲಿ ಜಾಗ ಇರಲಿಲ್ಲವಲ್ಲ,” ಎಂದೆ. “ಸಾಮಾನು ತುಂಬಿತ್ತು.”

“ಯಾರು ಹೇಳಿದ್ದು? ಹಿಂದಿನ ಸೀಟು ಪೂರ್ತಿ ಖಾಲಿ. ದಾರಿಯುದ್ದಕ್ಕೂ ನಾನು ಅಲ್ಲೇ ಕಾಲು ಚಾಚಿ ಮಲಗಿದ್ದೆ. ನಿನಗೇ ಇಷ್ಟ ಇಲ್ಲ ಅಂದಿದ್ದ ವರ್ನನ್.”

ಡೆನಿಸ್ ತನ್ನ ಬೂಟುಗಳನ್ನು ನೋಡಿಕೊಂಡಳು. ನಾನು ಹಗ್ಗ ಅಳೆಯುವುದನ್ನು ಮುಂದುವರಿಸಿದೆ.

ಎರಡು ಸಾವಿರದ ಹದಿನೇಳರ ಆಗಸ್ಟು, ಹಿಂದಿನ ಗ್ರಹಣ. ನಾನು ಬಸ್ಸಿನ ಕೆಲಸಕ್ಕೆ ರಜೆ ಕೇಳಿ ಪಡೆದಿದ್ದೆ. ಸ್ಯಾಂಡ್‌ವಿಚ್ಚು ಕಟ್ಟಿಟ್ಟಿದ್ದೆ. ಜಾಗ ಇಲ್ಲ ರೋಸಿ, ನಾಯಿ ನೋಡಿಕೊಳ್ಳೋಕೂ ಯಾರಾದರೂ ಬೇಕಲ್ಲ, ಎಂದು ಹೇಳಿ ಆ ಸ್ಯಾಂಡ್‌ವಿಚ್ಚುಗಳನ್ನೂ ತೆಗೆದುಕೊಂಡು ಹೋಗಿದ್ದ. ನಾನು ಅಡುಗೆಮನೆಯ ಟಿವಿಯಲ್ಲಿ ನೋಡಿದ್ದೆ.

ಮನೆಗೆ ಬಂದು ಅವನ ಕುರ್ಚಿಯ ಎದುರು ಸ್ಟೂಲು ಹಾಕಿಕೊಂಡು ಕೂತೆ. “ಸೀಟು ಖಾಲಿ ಇತ್ತಂತೆ,” ಎಂದೆ.

ಅವನು ಕಣ್ಣು ಮುಚ್ಚಿದ. “ಬೇಡ,” ಎಂದ.

ಮುಖ ನೋಡಿ ಅರ್ಥ ಮಾಡಿಕೊಳ್ಳಬೇಕಂತೆ. ನೋಡಲಿಲ್ಲ.

ಮಾರ್ಚ್ 22, ಶುಕ್ರವಾರ

ಮೋಡ. ಮಾತಿಲ್ಲ.

ಮಾರ್ಚ್ 31, ಈಸ್ಟರ್ ಭಾನುವಾರ

ಗ್ವೆನ್ ಟೊಲೀಡೊದಿಂದ ಊಟಕ್ಕೆ ಬಂದಿದ್ದಳು. ಹ್ಯಾಮು, ಆಲೂಗಡ್ಡೆ ಮುದ್ದೆಯ ಮೇಲೆ ನೂಡಲ್ಸು, ಬೀನ್ಸು ಮಾಡಿದ್ದೆ. ವರ್ನನ್ ತಟ್ಟೆಯಲ್ಲಿ ಅರ್ಧ ಊಟ ಹಾಗೇ ಬಿಟ್ಟ. ಈಗೀಗ ದಿನವೂ ಹಾಗೆ ಮಾಡುತ್ತಾನೆ. ನನ್ನ ಕೈ ಅಡುಗೆ ಹಿಡಿಸದಿದ್ದರೆ ಆಸ್ಪತ್ರೆಯ ಊಟ ತರಿಸೋಣ ಎಂದೆ.

ಊಟದ ಮೇಲೆ ಬಿಸಿಲು ಬಿತ್ತು. ಎಲ್ಲ ಜೋಡಿಸಿದೆ. ಗ್ವೆನ್ ನೋಡಿ, ಅಬ್ಬ ಅಮ್ಮ, ಎಂದಳು. ಹಾಗೇ ನೋಡುತ್ತಿದ್ದರೆ ಸಾಕಿತ್ತು. ಅವಳು ಫೋಕಸ್ ಹೊಂದಿಸುವ ತಿರುಪಿಗೆ ಕೈ ಹಾಕಿದಳು. ನಾನು ಕೈ ಮೇಲೆ ಏಟು ಕೊಟ್ಟೆ.

“ಮುಟ್ಟಬೇಡ. ಕಣ್ಣಿಂದ ನೋಡು, ಕೈಯಿಂದ ಅಲ್ಲ.”

ಅವಳು ಕೈ ಉಜ್ಜಿಕೊಳ್ಳುತ್ತ ನನ್ನನ್ನೇ ನೋಡಿದಳು. “ಇದು ಅಪ್ಪನ ಮಾತು. ಪೂರ್ತಿ ಅಪ್ಪನ ಮಾತು.”

“ನಾನು ಹೇಳಿದ್ದು ನಿನ್ನ ಕಣ್ಣಿನ ಒಳ್ಳೇದಕ್ಕೆ.”

“ಅಪ್ಪನೂ ಅದನ್ನೇ ಹೇಳ್ತಿದ್ದ.”

ಅವಳು ಅಪ್ಪನ ಮಗಳು, ಯಾವಾಗಲೂ. ಅವಳು ಹೋದ ಮೇಲೆ ಫೋಕಸ್ ಸರಿಮಾಡಲು ಬಹಳ ಹೊತ್ತು ಹಿಡಿಯಿತು.

ಏಪ್ರಿಲ್ 8, ಸೋಮವಾರ



ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಲೈಬ್ರರಿಗೆ ಹೋದೆ. ಗುಳ್ಳೆ ನಡುವೆ ತಂದೆ, ಉತ್ತರ ಹಿಡಿದೆ, ಫಿಲ್ಟರ್ ಕಟ್ಟಿದೆ, ಗುರಿ ದುರ್ಬೀನನ್ನು ತರಲೇ ಇಲ್ಲ. ಮೊದಲ ಸಲಕ್ಕೇ ಸೂರ್ಯ ನಟ್ಟನಡುವೆ. ಆರ್ಲೊ ತನ್ನ ದುರ್ಬೀನನ್ನು ಆ ಕಡೆ ಮೂಲೆಯಲ್ಲಿ ಹೂಡಿದ್ದ, ಬಂದು ನೋಡಿ, “ಸರಿಯಾಗಿದೆ,” ಎಂದಷ್ಟೇ ಹೇಳಿ ಹೋದ. ಆಕಾಶದಲ್ಲಿ ಹಿಂಜಿದ ಹತ್ತಿಯಂಥ ತೆಳು ಮೋಡ, ಅಡ್ಡಿಯಿಲ್ಲ.

ಮಧ್ಯಾಹ್ನ ಗ್ವೆನ್ ವರ್ನನ್‌ನನ್ನು ಕರೆತಂದು ನನ್ನ ಹತ್ತಿರ ಬಿಟ್ಟು, ಗಾಡಿ ನಿಲ್ಲಿಸುವ ಕಡೆ ಜನಕ್ಕೆ ಕಾಗದದ ಕನ್ನಡಕ ಹಂಚಲು ಹೋದಳು. ಅವನನ್ನು ಬಟ್ಟೆಯ ಚಪ್ಪರದ ಕೆಳಗೆ ಕೂರಿಸಿ ಗಾಲಿಗೆ ಬ್ರೇಕು ಹಾಕಿದೆ. ಬಿಸಿಲು ಅವನಿಗೆ ಆಗುವುದಿಲ್ಲ. ನೆಲ ಇಳಿಜಾರಾಗಿತ್ತು, ಕುರ್ಚಿ ಲೈಬ್ರರಿಯ ಗೋಡೆಯ ಕಡೆಗೆ ಮುಖ ಮಾಡಿದರೆ ಮಾತ್ರ ಅಲುಗದೆ ನಿಲ್ಲುತ್ತಿತ್ತು. ಹಾಗಾಗಿ ಹಾಗೆ ನಿಲ್ಲಿಸಿದೆ.

ಮಕ್ಕಳ ಸಾಲು ರಸ್ತೆಯವರೆಗೂ ಇತ್ತು. ಹಗ್ಗ ದಾಟಬೇಡಿ, ತಳ್ಳಬೇಡಿ, ಒಬ್ಬೊಬ್ಬರೇ, ಕೈ ಬೆನ್ನ ಹಿಂದೆ. ಬಸ್ಸಿನಲ್ಲಿ ಕೇಳುತ್ತಿದ್ದ ಹಾಗೆ ಕೇಳಿದರು. ಸೂರ್ಯನ ಅಂಚನ್ನು ಚಂದ್ರ ಬಿಸ್ಕತ್ತಿನಂತೆ ಕಚ್ಚಿದ. ಕಚ್ಚುತ್ತಾ ಹೋದ. ಬಿಸಿಲು ಹಳೇ ಹಿತ್ತಾಳೆಯ ಬಣ್ಣಕ್ಕೆ ತಿರುಗಿತು. ಚಳಿ ಬಂತು. ಮರದ ಹಕ್ಕಿಗಳು ಸುಮ್ಮನಾದವು. ಬೀದಿದೀಪಗಳು ತಾವಾಗಿ ಹತ್ತಿಕೊಂಡವು. ಕೊನೆಯ ಬೆಳಕಿನ ಹನಿ ಆರಿತು. ಆಗ ಮಾತ್ರ, ಅದಕ್ಕೆ ಮೊದಲಲ್ಲ, ನಾನು ನೀಲಿ ಟೇಪು ಕಿತ್ತು ಫಿಲ್ಟರ್ ತೆಗೆದೆ.

ಏನು ಕಂಡೆನೆಂದು ಬರೆಯಲು ಹೋಗುವುದಿಲ್ಲ. ಕಪ್ಪು ಬಿಲ್ಲೆ, ಸುತ್ತ ನರೆತ ಕೂದಲಿನಂಥ ಬೆಳಕು, ಕೆಳ ಅಂಚಿನಲ್ಲಿ ಗುಲಾಬಿ ಕೆಂಪಿನ ಒಂದು ನಾಲಿಗೆ. ಇಷ್ಟು ಬರೆದರೆ ಏನೂ ಬರೆದಂತಾಗಲಿಲ್ಲ.

“ಮಿಸೆಸ್ ಬೆಕರ್,” ಡೆನಿಸ್ ನನ್ನ ಬೆನ್ನು ಮುಟ್ಟಿದಳು. “ಮಕ್ಕಳು ಕಾಯ್ತಿದಾರೆ. ಒಂದೊಂದು ಸಲ ತೋರಿಸ್ತೀವಿ ಅಂದಿದ್ವಲ್ಲ.”

“ಬೇಡ,” ಎಂದೆ. ಕಣ್ಣು ತೆಗೆಯಲಿಲ್ಲ.

ಅವರಿಗೇನು, ಬರಿಗಣ್ಣಿನಲ್ಲೇ ಆಕಾಶದಲ್ಲಿ ಕಾಣುತ್ತಿತ್ತು. ಆ ಹೊತ್ತಿನಲ್ಲಿ ಹಾಗೆ ನೋಡಿದರೆ ತೊಂದರೆಯಿಲ್ಲ. ಚಪ್ಪರದ ಕಡೆಯಿಂದ ಯಾರೋ ಕೂಗುತ್ತಿದ್ದದ್ದು ಕಿವಿಗೆ ಬೀಳುತ್ತಿತ್ತು. ಅಂಚಿನಲ್ಲಿ ಬೆಳಕು ಚಿಮ್ಮುವ ಮೊದಲು ಫಿಲ್ಟರ್ ಮುಚ್ಚಿದೆ. ಒಬ್ಬರ ಕಣ್ಣಿಗೂ ಏನೂ ಆಗಲಿಲ್ಲ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆಮೇಲೆ ಗ್ವೆನ್ ಬಂದಳು. ಓಡಿ ಬಂದು ಏದುಸಿರು ಬಿಡುತ್ತಿದ್ದಳು.

“ಅಪ್ಪ ನಿನ್ನ ಪಕ್ಕದಲ್ಲಿದಾನೆ ಅಂದ್ಕೊಂಡಿದ್ದೆ. ಕತ್ತಲಾದ ಮೇಲೆ ನೋಡಿದ್ರೆ ನೀನೊಬ್ಬಳೇ. ನಾನು ಓಡಿ ಹೋಗಿ ಬ್ರೇಕು ಬಿಚ್ಚಿ, ಆ ಹುಲ್ಲಿನಲ್ಲಿ ಕುರ್ಚಿ ತಿರುಗಿಸಿ ಹೊರಗೆ ತರೋದ್ರೊಳಗೆ ಮುಗಿದುಹೋಯ್ತು. ಅಪ್ಪ ಗೋಡೆ ನೋಡ್ಕೊಂಡು ಕೂತಿದ್ದ ಅಮ್ಮ. ಗೋಡೆ ಕಪ್ಪಾಗೋದನ್ನ ನೋಡಿದ.”

“ಅವನು ಒಂದನ್ನ ನೋಡಿದಾನಲ್ಲ ಆಗಲೇ,” ಎಂದೆ.

ಅವಳು ಅಪ್ಪನನ್ನು ಮನೆಗೆ ಮುಟ್ಟಿಸಿ, ಊಟಕ್ಕೂ ನಿಲ್ಲದೆ ಹೊರಟುಹೋದಳು.

ಮನೆಯಲ್ಲಿ ಅವನಿಗೆ ಮಲಗುವ ಬಟ್ಟೆ ತೊಡಿಸುವಾಗ, ಈ ಊರಿಗೆ ಇನ್ನೊಂದು ಇಂಥದ್ದು ನಾವು ಯಾರೂ ಇರುವಾಗ ಬರುವುದಿಲ್ಲವಂತೆ ಎಂದು ಹೇಳಿದೆ. ಬೇಡ ಎನ್ನುತ್ತಾನೆಂದು ಕಾದೆ. ಅನ್ನಲಿಲ್ಲ.

ಏಪ್ರಿಲ್ 9, ಮಂಗಳವಾರ

ಡೆನಿಸ್ ಧನ್ಯವಾದ ಹೇಳಲು ಫೋನು ಮಾಡಿದ್ದಳು. ದನಿ ತಣ್ಣಗಿತ್ತು. ಮುಂದಿನ ತಿಂಗಳ ಮಕ್ಕಳ ಕಾರ್ಯಕ್ರಮಕ್ಕೆ ದುರ್ಬೀನು ಸಿಗುತ್ತದೆಯೇ, ಆರ್ಲೊ ನಡೆಸಿಕೊಡುತ್ತಾನೆ ಎಂದಳು. ದುರ್ಬೀನು ಬಂದರೆ ಜೊತೆಗೆ ನಾನೂ ಬರುತ್ತೇನೆ, ಬೇರೆಯವರ ಕೈಗೆ ಕೊಡುವುದಿಲ್ಲ ಎಂದೆ. ಯೋಚಿಸಿ ಹೇಳುತ್ತಾಳಂತೆ.

ಗುಲಾಬಿ ನಾಲಿಗೆ ಕಣ್ಣು ಮುಚ್ಚಿದರೂ ಕಾಣುತ್ತದೆ.

ಏಪ್ರಿಲ್ 16, ಮಂಗಳವಾರ

ಹಿತ್ತಲಲ್ಲಿ ಕಲೆಗಳನ್ನು ಬರೆದುಕೊಳ್ಳುತ್ತಿದ್ದೆ. ಕೇಟ್ಲಿನ್ ಚಪ್ಪಲಿ ಹಾಕದೆ ಹುಲ್ಲಿನ ಮೇಲೆ ಓಡಿ ಬಂದಳು.

“ಬಂತು. ಹೊಸ ಮಾತು ಬಂತು. ಕಿಟಕಿಯಿಂದ ನಿಮ್ಮನ್ನೇ ನೋಡ್ತಿದ್ರು, ಇದ್ದಕ್ಕಿದ್ದ ಹಾಗೆ ಹೇಳಿದ್ರು.”

“ಏನಂತ?”

“ನೀವೇ ಬಂದು ಕೇಳಿ.”

ಒಳಗೆ ಹೋದೆ. ಅವನ ಬಾಯಿಯ ಎಡ ಮೂಲೆ ಬಹಳ ಕಷ್ಟಪಟ್ಟು ಅಲುಗಿತು. ಹಣೆಯಲ್ಲಿ ಬೆವರಿತ್ತು.

“ನಾನೂ,” ಎಂದ.

ಕೇಟ್ಲಿನ್ ಕಣ್ಣು ಒರೆಸಿಕೊಂಡಳು. ನಾನು ಕಿಟಕಿಯಿಂದ ಹೊರಗೆ ನೋಡಿದೆ. ಮೌಂಟು ಕೂತಿದೆ, ಮಟ್ಟವಾಗಿದೆ, ಸೂರ್ಯ ನಡುವೆ ಇದ್ದಾನೆ. ಕುರ್ಚಿಯಲ್ಲಿ ಕೂತವನಿಗೆ ಅದು ಎತ್ತರ. ಕಾಲುಗಳನ್ನು ಇಳಿಸಿದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕು.

“ಇವತ್ತಾಗಲ್ಲ,” ಎಂದೆ. “ಹೂಡಿ ಆಗಿದೆ. ಇನ್ನೊಂದು ದಿನ.”

ಕೇಟ್ಲಿನ್ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಹೋಗುವಾಗ ನನಗೆ ಹೇಳಿ ಹೋಗಲಿಲ್ಲ.

ಏಪ್ರಿಲ್ 18, ಗುರುವಾರ

ಬೆಳಿಗ್ಗೆ ಬಿಸಿಲಿತ್ತು. ಮುಕ್ಕಾಲಿಯನ್ನು ಕುರ್ಚಿಯ ಎತ್ತರಕ್ಕೆ ಇಳಿಸಿ, ಮೊಣಕಾಲೂರಿ ಎಲ್ಲ ಹೊಸದಾಗಿ ಮಾಡಿ, ಅವನನ್ನು ತಂದು ಕಣ್ಣಿಡಿಸಿದೆ.

“ಬೇಡ,” ಎಂದ.

ಫೋಕಸ್ ಸರಿಮಾಡಿದೆ. “ಬೇಡ.” ನಾನು ನೋಡಿದೆ, ಅಂಚು ಚಾಕುವಿನ ಹಾಗೆ ಚೂಪಾಗಿದೆ. ಮತ್ತೆ ಅವನು ನೋಡಿದ. “ಬೇಡ.”

“ಮತ್ತೆ ಯಾಕೆ ನಾನೂ ನಾನೂ ಅಂದೆ?” ಎಂದೆ. “ನಾನು ಮಾಡಿದ್ದು ನಿನಗೆ ಯಾವತ್ತು ಸರಿ ಕಂಡಿದೆ?”

ಅವನು ನನ್ನ ಮಡಿಲಿನ ಹಾಳೆಯನ್ನು ಎಳೆದುಕೊಂಡ. ಕಲೆಗಳನ್ನು ಗುರುತಿಸಿದ್ದ ನನ್ನ ದುಂಡು ಸೂರ್ಯ ಅದರಲ್ಲಿತ್ತು. ಎಡಗೈಯಲ್ಲಿ ಪೆನ್ಸಿಲ್ಲನ್ನು ಮುಷ್ಟಿ ಹಿಡಿದು ಅದರ ಬಲ ಅರ್ಧವನ್ನು ಕಪ್ಪಾಗಿ ಗೀಚಿಬಿಟ್ಟ. ಹಾಳೆ ಹರಿಯಿತು. ನಾನು ಕಿತ್ತುಕೊಂಡು ಒಳಗೆ ಹೋಗಿ ಮೇಜಿನ ಮೇಲೆ ಒಗೆದೆ. ಅವನನ್ನು ಸ್ವಲ್ಪ ಹೊತ್ತು ಹೊರಗೇ ಬಿಟ್ಟೆ.

ಕೇಟ್ಲಿನ್ ಬಂದವಳು ಆ ಹಾಳೆ ನೋಡಿದಳು. ಯಾರು ಮಾಡಿದ್ದು ಎಂದು ಕೇಳಿದಳು, ಹೇಳಿದೆ. 

“ಅವರಿಗೆ ಬಲಗಡೆ ಕಾಣಲ್ಲ,” ಎಂದಳು. “ಬಲಗಣ್ಣು ಅಂತಲ್ಲ, ಎರಡು ಕಣ್ಣಿಗೂ ನೋಟದ ಬಲ ಅರ್ಧ ಇಲ್ಲ. ಲಕ್ವ ಬಂದಾಗಲೇ ಹೋಗಿದೆ. ತಟ್ಟೆಯಲ್ಲಿ ಬಲಗಡೆ ಇರೋದನ್ನ ಬಿಡ್ತಾರಲ್ಲ, ಅದಕ್ಕೇ. ಆಸ್ಪತ್ರೆಯಲ್ಲಿ ನಿಮಗೆ ಹೇಳಿರಬೇಕಲ್ಲ ಮಿಸೆಸ್ ಬೆಕರ್?”

“ಹೇಳಿರಬಹುದು. ಜನವರಿಯಲ್ಲಿ ಅವರು ಏನೇನೋ ಹೇಳಿದರು.”

“ನಾನೂ ಹೇಳಿದ್ದೆ.”

ಇದ್ದಿರಬಹುದು.

ಹಾಗಾದರೆ ಚಪ್ಪರದಿಂದ ಹೊರಗೆ ತಂದಿದ್ದರೂ ಆವತ್ತು ಅವನಿಗೆ ಅರ್ಧವೇ ಕಾಣುತ್ತಿತ್ತು. ಇದನ್ನು ಗ್ವೆನ್‌ಗೆ ಹೇಳೋಣವೆಂದು ಫೋನು ಎತ್ತಿದೆ. ಹೇಳಿದರೆ ಅವಳು ಏನೆನ್ನುತ್ತಾಳೆಂದು ತಿಳಿದು ಇಟ್ಟುಬಿಟ್ಟೆ.

ಏಪ್ರಿಲ್ 21, ಭಾನುವಾರ

ನಿರ್ಮಲ ಆಕಾಶ. ಮುಕ್ಕಾಲಿ ಕುರ್ಚಿಯ ಎತ್ತರದಲ್ಲೇ ಇತ್ತು. ಜೋಡಿಸಿ ಅವನನ್ನು ಕರೆತಂದೆ. ದೊಡ್ಡ ನೋಟದ ಮಸೂರ ಹಾಕಿದೆ, ಅದರಲ್ಲಿ ಸೂರ್ಯ ಸಣ್ಣದಾಗಿ ಕಂಡರೂ ಸುತ್ತ ಜಾಗ ಬಹಳ ಇರುತ್ತದೆ.

“ನಾನು ಇದನ್ನ ನಿಧಾನಕ್ಕೆ ಎಡಕ್ಕೆ ಸರಿಸ್ತೀನಿ,” ಎಂದೆ. “ಪೂರ್ತಿ ಕಂಡಾಗ ಹೇಳು.”

ರಿಮೋಟಿನ ಗುಂಡಿ ಒತ್ತಿದೆ. ಮೋಟಾರು ಗೊಣಗಿತು. ಅವನು ಕಣ್ಣಿಟ್ಟೇ ಇದ್ದ. ಬಿಟ್ಟೆ, ಒತ್ತಿದೆ, ಬಿಟ್ಟೆ, ಒತ್ತಿದೆ. ಅವನ ಕುತ್ತಿಗೆ ನನ್ನ ಮುಖದ ಹತ್ತಿರವಿತ್ತು. ಕ್ಷೌರ ಸರಿಯಾಗಿ ಮಾಡಿಲ್ಲ ನಾನು, ಬಲ ಕಿವಿಯ ಕೆಳಗೆ ಒಂದು ಕಡೆ ಪೂರ್ತಿ ಬಿಟ್ಟುಹೋಗಿದೆ.

“ಬೇಡ,” ಎಂದ.

ಗುಂಡಿ ಬಿಟ್ಟೆ. ಮೌಂಟು ಸೂರ್ಯನನ್ನು ಅಲ್ಲೇ ಹಿಡಿದುಕೊಂಡು ಅದರ ಜೊತೆ ಸಾಗಿತು. ಅವನು ನೋಡುತ್ತಲೇ ಇದ್ದ. ಕಾಳಿನಂಥ ಒಂದು ಹೊಸ ಕಲೆ ಹುಟ್ಟಿದೆ, ಅದು ಅವನಿಗೆ ಕಂಡಿರಬೇಕು. ಎಡಗೈಯ ತೋರುಬೆರಳಿನಿಂದ ತನ್ನ ಮೊಣಕಾಲಿನ ಮೇಲೆ ಒಂದು ಚುಕ್ಕಿ ಇಟ್ಟ. ಹೌದು, ನಾನೂ ನೋಡಿದೆ ಅದನ್ನು, ಬೆಳಿಗ್ಗೆಯೇ ನೋಡಿದೆ ಎಂದೆ. ನನ್ನ ಸೊಂಟ ನೋಯತೊಡಗಿತು. ಕೂರಲು ಸ್ಟೂಲು ತಂದಿರಲಿಲ್ಲ. ನಿಂತೇ ಇದ್ದೆ.

ಆಮೇಲೆ ಅವನು ಕಣ್ಣು ತೆಗೆದು ನನ್ನ ಕಡೆ ತಿರುಗಿದ, ಪೂರ್ತಿ ತಿರುಗಿದ, ನಾನು ಅವನ ಬಲಗಡೆ ನಿಂತಿದ್ದೆನಲ್ಲ. ಎಡಗೈ ಚಾಚಿದ. ಅಂಗೈ ಮೇಲಕ್ಕಿತ್ತು.

“ನಾನೂ.”

ರಿಮೋಟನ್ನು ಕೇಳುತ್ತಿದ್ದ. ನಾನು ಕೊಡಲಿಲ್ಲ. ಕೇಬಲ್ಲು ಅಲ್ಲಿಗೆ ಮುಟ್ಟಲ್ಲ, ಗಿಡ್ಡ, ಎಂದೆ.

ಅವನು ಕೈಯನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು ಮಡಿಲಿಗೆ ಇಳಿಸಿಕೊಂಡ. ಕೇಬಲ್ಲು ಗಿಡ್ಡವೇನಲ್ಲ. ಎಷ್ಟು ಉದ್ದವೆಂದು ಅವನಿಗೂ ಗೊತ್ತು, ಕೊಂಡು ತಂದವನು ಅವನೇ.